ಬಲಗಡೆಯಿಂದ ಬರೆಯುತ್ತಿದ್ದ ಜಬೀನಾ

ಎಪ್ಪತ್ತರ ದಶಕದಲ್ಲಿ ಗುಬ್ಬಿಯಂಥ ಊರಲ್ಲಿ ಎರಡನೇ ಕ್ಲಾಸು ಓದಿದವರು ಶನಿವಾರದ ಬೆಳಗಿನ ಶಾಲೆಯನ್ನು ಮರೆತಿರಲಾರರು. ಒದ್ದೆ ಸ್ಲೇಟಿನ ವಾಸನೆ, ಬಳಪದ ಪುಡಿ, ಹಿತ್ತಲಲ್ಲಿ ಬೇಯುತ್ತಿದ್ದ ಗೋಧಿ ಉಪ್ಪಿಟ್ಟಿನ ಘಮ. ಉಪ್ಪಿಟ್ಟು ಇಳಿಯುವಷ್ಟರಲ್ಲಿ ನಮ್ಮ ಸರೋಜಮ್ಮ ಮೇಡಂ ವಾರದ ಲೆಕ್ಕ ಕೇಳಿ ಮುಗಿಸುತ್ತಿದ್ದರು. ಅಂಕ ಕೊಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಯಾರು ಎಲ್ಲಿ ತಪ್ಪಿದರು ಅಂತ ನೋಡಿಕೊಂಡು ಹೋಗುತ್ತಿದ್ದರು. ಸೋಮವಾರದ ಪಾಠ ಆ ತಪ್ಪಿನಿಂದಲೇ ಶುರುವಾಗುತ್ತಿತ್ತು. ಅದಕ್ಕಾಗಿ ಭಾನುವಾರ ಜಗಲಿಯ ಮೇಲೆ ಕೂತು ತೆಂಗಿನ ಕಡ್ಡಿ ಮುರಿದು, ಹತ್ತು ಹತ್ತರ ಕಟ್ಟು ಕಟ್ಟುತ್ತಿದ್ದರು. "ಪೊರಕೆಗೂ ನಾಕು ಕಡ್ಡಿ ಉಳಿಸೇ ಮಾರಾಯ್ತಿ" ಅಂತ ಅವರ ಯಜಮಾನರು ರೇಗಿಸುವುದು ಬೀದಿಗೆಲ್ಲ ಕೇಳುತ್ತಿತ್ತು.

ನನ್ನ ಪಕ್ಕ ಕೂರುತ್ತಿದ್ದವಳು ಜಬೀನಾ. ಬಸ್ ಸ್ಟ್ಯಾಂಡಿನ ಹತ್ತಿರ ಅವಳಪ್ಪನದು ಡಬ್ಬ, ಲಾಟೀನು ರಿಪೇರಿಯ ಅಂಗಡಿ. ಅವಳು ಬೆಳಗ್ಗೆ ಎದ್ದು ಮಸೀದಿಯಲ್ಲಿ ಬಲದಿಂದ ಎಡಕ್ಕೆ ಅಕ್ಷರ ತಿದ್ದಿ, ಆಮೇಲೆ ನಮ್ಮ ಶಾಲೆಗೆ ಬರುತ್ತಿದ್ದಳು. ಹಾಗಾಗಿ ಸಂಖ್ಯೆಯನ್ನೂ ಬಲಗಡೆಯಿಂದಲೇ ಬರೆಯುತ್ತಿದ್ದಳು. ಇಪ್ಪತ್ತೈದು ಅಂದರೆ ಮೊದಲು ಐದು, ಆಮೇಲೆ ಅದರ ಎಡಕ್ಕೆ ಎರಡು. ಬರೆದು ಮುಗಿಸಿದ ಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಕೂಡುವ ಲೆಕ್ಕ ಬಂತು ನೋಡಿ, ನಾವೆಲ್ಲ ಓದುವ ಅಭ್ಯಾಸದಂತೆ ಎಡಗಡೆಯ ಹತ್ತುಗಳನ್ನೇ ಮೊದಲು ಕೂಡಿಬಿಡುತ್ತಿದ್ದೆವು. ಬಿಡಿಗೆ ಬರುವ ಹೊತ್ತಿಗೆ ಕೈಯಲ್ಲಿ ಉಳಿದ ಒಂದನ್ನು ಎಲ್ಲಿಡುವುದೋ ತಿಳಿಯದೆ ಒದ್ದಾಟ. ಜಬೀನಾಗೆ ಆ ಕಷ್ಟವೇ ಇರಲಿಲ್ಲ. ಒಂದು ಶನಿವಾರ ಮೇಡಂ ಅವಳ ಹಿಂದೆ ತುಂಬ ಹೊತ್ತು ನಿಂತು ನೋಡಿದರು. ಸೋಮವಾರ ಅವಳನ್ನೇ ಬೋರ್ಡಿನ ಹತ್ತಿರ ಕರೆದರು.

"ನೋಡ್ರೋ, ಇವ್ಳು ಯಾವ ಕಡೆಯಿಂದ ಬರ್ತಾಳೆ ಅಂತ. ನೀವೂ ಆ ಕಡೆಯಿಂದ್ಲೇ ಬನ್ನಿ."

ಜಬೀನಾ ಬಿಡಿ ಕಡ್ಡಿಗಳಲ್ಲಿ ಹತ್ತನ್ನು ಕಟ್ಟಿ ಎಡಕ್ಕೆ ಸರಿಸಿದಳು. ಕೈಯಲ್ಲಿ ಉಳಿದ ಒಂದು ಎಲ್ಲಿಗೆ ಹೋಗುತ್ತದೆ ಅಂತ ನಮಗೆಲ್ಲ ಆಗ ತಿಳಿಯಿತು. ಅವತ್ತು ಉಪ್ಪಿಟ್ಟು ತಿನ್ನುವಾಗ ಅವಳ ಮುಖ ನೋಡಬೇಕಿತ್ತು!

"ನಾನೂ ಮೇಡಂ ಆಗ್ತೀನಿ ಕಣೇ," ಅಂದಳು. "ನಮ್ ಅಬ್ಬಾ ಹೇಳವ್ರೆ, ಪಾಸಾಗ್ತಾ ಇದ್ರೆ ಓದು, ಫೇಲಾದ್ರೆ ಸಾಕು ಅಂತ."

ಪರೀಕ್ಷೆಗೆ ಮುಂಚೆ ಮೇಡಂ ಹೆರಿಗೆ ರಜೆಗೆ ಹೋದರು. ಬದಲಿಗೆ ಬಂದ ಮೇಷ್ಟ್ರು ಕೆಟ್ಟವರೇನಲ್ಲ, ಶಿಸ್ತು ಸ್ವಲ್ಪ ಜಾಸ್ತಿ. ಪರೀಕ್ಷೆಯ ದಿನ ಗಟ್ಟಿಯಾಗಿ ಸಂಖ್ಯೆಗಳನ್ನು ಹೇಳಿ ಬರೆಸುತ್ತ ಬಂದವರು ಜಬೀನಾ ಹತ್ತಿರ ನಿಂತರು.

"ಏನೇ ಇದು, ಹಿಂದ್ಮುಂದಾಗಿ ಬರೀತಿದೀಯ? ಎಡಗಡೆಯಿಂದ ಬರಿ!"

ಸ್ಕೇಲು ಅವಳ ಬೆರಳಿನ ಮೇಲೆ ಬಿತ್ತು. ಅವಳು ಹೆದರಿ ಎಡಗಡೆಯಿಂದ ಬರೆದಳು, ಆದರೆ ತನ್ನ ಅಭ್ಯಾಸದಂತೆ ಮೊದಲು ಐದು, ಆಮೇಲೆ ಎರಡು. ಇಪ್ಪತ್ತೈದು ಐವತ್ತೆರಡಾಯಿತು. ಮುಂದಿನದೆಲ್ಲ ಹಾಗೇ ಆಗುತ್ತಾ ಹೋಯಿತು.

"ಸಾ, ಅವ್ಳಿಗೆ ಬರುತ್ತೆ ಸಾ," ಅಂದೆ.

"ನಿಂದು ನೀನು ನೋಡ್ಕೊ," ಅಂದರು.

ಜಬೀನಾ ಫೇಲಾದಳು. ಜೂನಿನಲ್ಲಿ ಮೇಡಂ ವಾಪಸು ಬಂದು ವಿಷಯ ಕೇಳಿದವರೇ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದರು.

"ತಪ್ಪು ಮಗೂದಲ್ಲ ಸಾಬ್ರೆ. ಕಳ್ಸಿ, ನಾನು ನೋಡ್ಕೋತೀನಿ."

ಅವಳಪ್ಪ ಬೆಸುಗೆ ಹಾಕುವ ಸಲಾಕೆ ಕೆಳಗಿಟ್ಟು ಎದ್ದು ನಿಂತರು. "ಕುಣಿಗಲ್ಲಿಗೆ ನನ್ ತಂಗಿ ಮನೆಗೆ ಕಳ್ಸಿಬಿಟ್ಟೆ ಮೇಡಂ. ಅಲ್ಲಿ ಮಕ್ಳನ್ನ ನೋಡ್ಕೊಳ್ಳೋಕೆ ಯಾರೂ ಇರ್ಲಿಲ್ಲ. ನೀವು ಇದ್ದಿದ್ರೆ ಬೇರೆ ಮಾತು."

ಮೇಡಂ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಶಾಲೆಯ ಕಡೆ ತಿರುಗಿದರು.

ಈಚೆಗೆ ತುಮಕೂರಿನ ಶಿರಾ ಗೇಟಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದರು. ತಿರುಗಿದರೆ ಜಬೀನಾ, ತಲೆಗೂದಲು ಬೆಳ್ಳಗಾಗಿದೆ, ಜೊತೆಗೆ ಮೊಮ್ಮಗಳು.

"ಇವ್ಳೂ ಲೆಕ್ಕದಲ್ಲಿ ಹಿಂದೆ ಕಣೇ. ಎಲ್ಲ ನನ್ ಥರಾನೇ. ನಂಗೆ ಎಲ್ಲಿ ಬರ್ತಿತ್ತು ಹೇಳು?"

"ಏನಂತ ಮಾತಾಡ್ತೀಯೆ? ನಮ್ಗೆಲ್ಲ ಕೂಡೋದು ಕಲಿಸಿದ್ದೇ ನೀನು," ಅಂದೆ.

ಅವಳು ನಕ್ಕು, ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಅನ್ನುವಂತೆ ನನ್ನ ಕೈ ತಟ್ಟಿದಳು. "ಅದೇನೂ ನೆನಪಿಲ್ಲ ಬುಡು. ಫೇಲಾಗಿದ್ದು ಮಾತ್ರ ನೆನಪೈತೆ."

ಮನೆಗೆ ಬಂದು ಅತ್ತುಬಿಟ್ಟೆ. ಅವಳ ಓದು ಹೋದದ್ದು ನನಗೆ ಗೊತ್ತಿತ್ತು. ತನಗೆ ಲೆಕ್ಕ ಬರುತ್ತಿತ್ತು ಅನ್ನುವುದೂ ಅವಳಿಂದ ಹೋಗಿದೆ ಅಂತ ಗೊತ್ತಿರಲಿಲ್ಲ.