ಮುಂದಿನ ಗಾಲಿಯ ಹೊದಿಕೆ

ನಿಮ್ಮ ಅಮ್ಮ ಮಲಗಿಕೊಂಡು ತುಳಿಯುವ ಸೈಕಲ್ ತಂದಾಗ ನೀವಿಬ್ಬರೂ ಇನ್ನೂ ಚಿಕ್ಕವರು. ಅವಳಿಗೆ ಕುತ್ತಿಗೆ ನೋವು ಹೆಚ್ಚಾಗಿ, ಬಾಗಿ ತುಳಿಯುವ ಸೈಕಲ್ ಇನ್ನು ಬೇಡವೆಂದು ಡಾಕ್ಟರು ಹೇಳಿದ್ದರು. ಆದರೆ ಸೈಕಲ್ ಬಿಟ್ಟು ಇರುವವಳಲ್ಲ ಅವಳು. ಕೆಲವು ತಿಂಗಳು ಸುಮ್ಮನಿದ್ದು, ಒಂದು ದಿನ ರಿಕಂಬೆಂಟ್ ಎನ್ನುವ ಈ ಸೈಕಲ್ಲನ್ನು ನ್ಯಾಮತಿಯ ಮನೆಯ ಮುಂದೆ ತಂದು ಇಳಿಸಿದಳು. ಆರಾಮ ಕುರ್ಚಿಯಂತೆ ಒರಗುವ ಸೀಟು, ಪೆಡಲ್ ಮುಂದೆ, ಮುಂದಿನ ಗಾಲಿ ಚಿಕ್ಕದು, ಹಿಂದಿನದು ದೊಡ್ಡದು.

ಮೊದಲ ದಿನ ಅವಳು ಅದರ ಮೇಲೆ ಹೋಗುವುದನ್ನು ನೋಡಿ ನಾನು ಒಳಗೆ ಬಂದುಬಿಟ್ಟೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಒಯ್ಯುತ್ತಾರೆ. ನಿಮ್ಮ ತಾತನನ್ನೂ ವಿಭೂತಿ ಹಚ್ಚಿ ನೆಟ್ಟಗೆ ಕೂರಿಸಿಯೇ ಒಯ್ದಿದ್ದರು. ಬದುಕಿರುವ ಮಗಳು ಕಾಲು ಮುಂದೆ ಚಾಚಿ, ಬೆನ್ನು ಒರಗಿಸಿ, ಸದ್ದಿಲ್ಲದೆ ಬೀದಿಯಲ್ಲಿ ಸಾಗಿ ಹೋದಳು. ಆಗ ಅನಿಸಿದ್ದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.

ನ್ಯಾಮತಿಯಿಂದ ಹೊನ್ನಾಳಿ, ಚನ್ನಗಿರಿ ಹಾದು ಜಗಳೂರಿಗೆ ಒಂದೇ ದಿನದಲ್ಲಿ ಹೋಗುವ ಸವಾರಿಯೊಂದನ್ನು ಅವಳೂ ಅವಳ ಜೊತೆಯವರೂ ವರ್ಷಕ್ಕೊಮ್ಮೆ ಮಾಡುತ್ತಾರೆ. ಹೊತ್ತು ಮುಳುಗುವುದರೊಳಗೆ ಜಗಳೂರು ಮುಟ್ಟಬೇಕು. ಹೊಸ ಸೈಕಲ್ಲಿನ ಮೊದಲ ವರ್ಷ ಅವಳು ಮುಟ್ಟಲಿಲ್ಲ. ಕೊನೆಯ ಬಯಲಿನಲ್ಲಿ ಎದುರುಗಾಳಿ ಹೊಡೆದು, ಹಿಂದೆ ಬರುತ್ತಿದ್ದ ಟೆಂಪೊ ಹತ್ತಬೇಕಾಯಿತು.

"ಈ ಸಲವೂ ಆಗದಿದ್ರೆ ಸೈಕಲ್ ಕೊಟ್ಟುಬಿಡ್ತೀನಿ ಅವ್ವಾ. ಇನ್ನೊಂದ್ಸಲ ಟೆಂಪೊ ಹತ್ತಾಕೆ ನನ್ನ ಕೈಲಿ ಆಗಲ್ಲ" ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಸೈಕಲ್ ಇಲ್ಲದ ಆ ಕೆಲವು ತಿಂಗಳು ಅವಳ ಮುಖ ಹೇಗಿತ್ತು ಎಂದು ನಾನು ನೋಡಿದ್ದೆ.

ಗಾಳಿ ಸೀಳುವ ಗಾಲಿ ಹುಡುಕಿಕೊಂಡು ಹೊನ್ನಾಳಿಯ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವರು ವಯಸ್ಸಾದವರು, ಬಾಯಿ ಜೋರು.

"ಏನ್ ತಂಗಿ, ಮಂಚಕ್ಕೆ ಗಾಲಿ ಹಾಕಿಸಾಕೆ ಬಂದ್ಯಾ?"

"ಹೌದಣ್ಣ. ದಿಂಬು ನೀನೇ ಕೊಡಬೇಕು."

ಅವರು ನಕ್ಕು ಒಳಗಿಂದ ಪರೀಕ್ಷೆಗೆಂದು ತರಿಸಿಟ್ಟ ಗಾಲಿಗಳನ್ನು ತಂದರು. ಒಂದು ಜೋಡಿಯಲ್ಲಿ ರಿಮ್ಮು ಒಳಮುಖವಾಗಿ ನಾಲ್ಕು ಬೆರಳಷ್ಟು ಬೆಳೆದು, ಕಡ್ಡಿಗಳು ಮೋಟಾಗಿದ್ದವು. ಇನ್ನೊಂದು ಜೋಡಿಗೆ ಕಡ್ಡಿಗಳೇ ಕಾಣದಂತೆ ಎರಡೂ ಕಡೆ ತೆಳ್ಳನೆಯ ಕಪ್ಪು ಹೊದಿಕೆ.

"ನಿನ್ನ ಸೈಕಲ್ಲಿಗೆ ಡಿಸ್ಕ್ ಬ್ರೇಕ್ ಐತೆ, ಬ್ರೇಕು ರಿಮ್ಮನ್ನ ಮುಟ್ಟಂಗಿಲ್ಲ. ಅದಕ್ಕೆ ಎಂಥ ರಿಮ್ಮಾದ್ರೂ ನಡೀತೈತಿ. ಬ್ರೇಕು ಹಿಡಿಯೋ ನಡುವಿನ ಬಿಲ್ಲೆಗೆ ಮಾತ್ರ ಜಾಗ ಬಿಡಬೇಕು. ಮುಂದೆ ಹಿಂದೆ ಎರಡೂ ಮುಚ್ಚಿಬಿಡು, ಬಾಣ ಹೋದಂಗೆ ಹೋಗ್ತೀಯ."

ಅಡ್ಡಗಾಳಿ ಬಂದರೆ ಹೆಂಗೆ ಎಂದು ಕೇಳಬೇಕೆಂದಿದ್ದೆ. ಅಂಗಡಿಯಲ್ಲಿ ನಾಲ್ಕು ಜನ ಗಂಡಸರು ನಿಂತಿದ್ದರು. ಕೇಳಲಿಲ್ಲ.

ಜಗಳೂರಿನ ಹತ್ತಿರ ನನ್ನ ತವರು. ಆ ಗಾಳಿ ನನಗೆ ಗೊತ್ತು. ಹುಡುಗಿಯಾಗಿದ್ದಾಗ ಕಣದಲ್ಲಿ ಹೆಂಗಸರ ಸಾಲಿನಲ್ಲಿ ನಿಂತು ಮೊರ ಎತ್ತಿ ನವಣೆ ತೂರಿದ್ದೇನೆ. ಗಾಳಿ ತಿರುಗುವ ಮೊದಲು ಒಂದು ಗಳಿಗೆ ಪೂರ್ತಿ ನಿಲ್ಲುತ್ತದೆ, ಹೊಟ್ಟು ದೂರ ಹಾರದೆ ನೇರ ಕಾಲ ಮೇಲೆ ಬೀಳುತ್ತದೆ. ಹಾಗಾದಾಗ ಬಾಯಿ ಬಿಡಬಾರದು. ರಾಶಿ ಮುಗಿಯುವ ತನಕ ಕಣದಲ್ಲಿ ಮಾತಿಲ್ಲ, ಗಾಳಿಯ ಹೆಸರಂತೂ ಎತ್ತುವಂತೆಯೇ ಇಲ್ಲ. ಮೊದಲು ತಿಳಿದವಳು ಕೈ ಮೇಲೆತ್ತುತ್ತಾಳೆ. ಉಳಿದವರೂ ಕೈ ಎತ್ತಿ ಮೊರ ಇಳಿಸುತ್ತಾರೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ನಿಂತು ನಿಂತು ಮೈಗೆ ಬಂದದ್ದು.

ಆ ಕಣ ಈಗಿಲ್ಲ. ಅದರ ಮೇಲೆಯೇ ಡಾಂಬರು ರಸ್ತೆ ನೆಟ್ಟಗೆ ಹೋಗಿದೆ. ಸವಾರಿಗೆ ಒಂದು ವಾರ ಇರುವಾಗ, ಅಂಗಡಿಯಿಂದ ತಂದ ಎರಡೂ ಜೋಡಿ ಗಾಲಿ ಹಾಕಿ ನೋಡಲು ಅಲ್ಲಿಗೇ ಹೋದೆವು. ಮಟಮಟ ಮಧ್ಯಾಹ್ನ. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ನನ್ನನ್ನು ಕಣವಿದ್ದ ಕಡೆ ನಿಲ್ಲಿಸಿ, ಅವಳು ದೂರ ಹೋಗಿ ತಿರುಗಿ ಬರುವುದೆಂದು ಮಾತಾಯಿತು.

ಮೊದಲು ಮೋಟು ಕಡ್ಡಿಯ ಜೋಡಿ ಹಾಕಿಕೊಂಡು ಬಂದಳು. "ಮುಂದಿನದು ಸ್ವಲ್ಪ ಎಳೀತೈತಿ" ಎಂದಳು. ಆಮೇಲೆ ಎರಡೂ ಮುಚ್ಚಿದ ಗಾಲಿ ಹಾಕಿಕೊಂಡು ಹೋದಳು.

ಈ ಸಲ ಅವಳಿಗಿಂತ ಮೊದಲು ಸದ್ದು ಬಂತು. ಖಾಲಿ ಮಣ್ಣಿನ ಹರವಿಯ ಬಾಯಲ್ಲಿ ಯಾರೋ ಊದಿದಂತೆ, ತಗ್ಗಿದ, ಒಂದೇ ಸಮನೆಯ ಸದ್ದು. ಅವಳಿನ್ನೂ ಕಾಣುತ್ತಿರಲಿಲ್ಲ. ಸದ್ದು ಮಾತ್ರ ನನ್ನ ಪಕ್ಕದಲ್ಲೇ ಇದ್ದಂತಿತ್ತು. ಆಮೇಲೆ ರಸ್ತೆಯ ಬಿಸಿಲಿನಲ್ಲಿ ಒಂದು ಚುಕ್ಕೆ ಕಂಡಿತು. ಅಷ್ಟರಲ್ಲಿ ಗಾಳಿ ನಿಂತಿತು. ಕಿವಿಯ ಹಿಂದಿನ ಬೆವರು ತಣ್ಣಗಾಯಿತು. ಕಾಲ ಮೇಲೆ ಏನೋ ಹಗುರವಾಗಿ ಉದುರಿತು.

ನಾನು ಕೂಗಲಿಲ್ಲ. ಕೈ ಎತ್ತಿದೆ.

ಅವಳು ನಿಧಾನ ಮಾಡಲಿಲ್ಲ, ಇನ್ನೂ ಜೋರಾಗಿ ತುಳಿದಳು. ಎಡಗಡೆಯಿಂದ ಗಾಳಿ ರಪ್ಪನೆ ಹೊಡೆಯಿತು. ಮುಂದಿನ ಚಿಕ್ಕ ಗಾಲಿ ಮೊರದ ಹಾಗೆ ಗಾಳಿ ತುಂಬಿಕೊಂಡು ಹೊರಳಿತು. ಸೈಕಲ್ ರಸ್ತೆ ದಾಟಿ ಉತ್ತ ಹೊಲಕ್ಕೆ ನುಗ್ಗಿತು. ನಾನು ಓಡಿ ಹೋಗುವಷ್ಟರಲ್ಲಿ ಎದ್ದು ಕೂತಿದ್ದಳು. ಮೊಣಕೈ ತರಚಿತ್ತು, ಅಷ್ಟೇ.

"ಕೈ ಎತ್ತಿದ್ದು ಕಾಣಲಿಲ್ಲೇನೆ?"

"ಕಾಣ್ತು. ಎಲ್ಲರೂ ಎತ್ತಿದ್ರಲ್ಲ! ಜೋರಾಗಿ ಹೊಡಿ ಅಂತ ಹುರುಪು ಕೊಡಾಕೆ ಹತ್ತೀರಿ ಅನ್ಕಂಡೆ."

"ಎಲ್ಲರೂ ಅಂದ್ರೆ?"

"ನಿನ್ನ ಜೊತೆ ಸಾಲಾಗಿ ನಿಂತಿದ್ದೋರು. ನಾಲ್ಕೋ ಐದೋ ಜನ ಹೆಂಗಸರು. ಎಲ್ಲಿ ಹೋದ್ರು ಅವರು?"

ಅವಳು ನನ್ನ ಹೆಗಲ ಮೇಲಿಂದ ರಸ್ತೆ ನೋಡಿದಳು. ನಾನು ತಿರುಗಲಿಲ್ಲ. ಕಾಲು ನೋಡಿಕೊಂಡೆ. ಪಾದದ ಮೇಲೆ ಹೊಂಬಣ್ಣದ ಹೊಟ್ಟು. ಆ ಸುತ್ತಿನಲ್ಲಿ ಈಗ ನವಣೆ ಬೆಳೆಯುವವರಿಲ್ಲ.

"ಹೊಲದ ಕೆಲಸದೋರು ಇರಬೇಕು. ಏಳು, ಮನೆಗೆ ಹೋಗಾಣ" ಎಂದೆ.

ಅವಳು ಕೇಳಲಿಲ್ಲ. ಮೊಣಕೈಗೆ ಕರವಸ್ತ್ರ ಕಟ್ಟಿಕೊಂಡು, ಮುಂದೆ ಹಳೆಯ ಕಡ್ಡಿ ಗಾಲಿಯನ್ನೇ ಹಾಕಿ, ಹಿಂದೆ ಮುಚ್ಚಿದ್ದನ್ನು ಬಿಟ್ಟಳು. "ಹಿಂದಿನದು ಏನೂ ಮಾಡಲಿಲ್ಲ ಅವ್ವಾ, ತಪ್ಪು ಮುಂದಿನದ್ದು. ಇನ್ನೊಂದೇ ಸಲ. ನೀ ಅಲ್ಲೇ ಹೋಗಿ ನಿಲ್ಲು."

ನಾನು ಮತ್ತೆ ಅಲ್ಲೇ ಹೋಗಿ ನಿಂತೆ. ಆ ಹದಿನೈದು ನಿಮಿಷ ಹೇಗೆ ನಿಂತೆನೋ ನನಗೇ ಗೊತ್ತಿಲ್ಲ. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಸದ್ದು ಬಂತು. ಮತ್ತೆ ಗಾಳಿ ನಿಂತಿತು. ಕೈ ತಾನಾಗಿ ಮೇಲೇಳತೊಡಗಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಬಾಯಿ ಬಿಟ್ಟೆ.

"ಗಾಳಿ ಬಂತು! ನಿಧಾನ!"

ಅಷ್ಟು ಜೋರಾಗಿ ನಾನು ನಿಮ್ಮ ತಾತ ಹೋದಾಗಲೂ ಕೂಗಿರಲಿಲ್ಲ. ನನ್ನ ಪಕ್ಕದಲ್ಲಿ ಸೀರೆ ಸರಿದ ಸದ್ದಾಯಿತು. ಯಾರೋ ಒಬ್ಬರು ಉಸಿರು ಎಳೆದುಕೊಂಡರು. ಮಗಳು ಬ್ರೇಕ್ ಹಿಡಿದು ನಿಧಾನವಾದಳು. ಗಾಳಿ ಹೊಡೆಯಿತು. ಹಿಂದಿನ ಗಾಲಿ ಒಮ್ಮೆ ಗುಂಯ್ ಎಂದಿತು, ಮುಂದಿನದರ ಕಡ್ಡಿಗಳ ನಡುವೆ ಗಾಳಿ ಹಾದುಹೋಯಿತು. ಸೈಕಲ್ ನೆಟ್ಟಗೆ ಮುಂದೆ ಹೋಯಿತು.

ಹಾಗೆ ಗಾಲಿಯ ತೀರ್ಮಾನವಾಯಿತು. ಹಿಂದೆ ಹೊದಿಕೆ, ಮುಂದೆ ಬರಿ ಕಡ್ಡಿ.

ಸವಾರಿಯ ದಿನ ನಾನು ಕಣವಿದ್ದ ಆ ರಸ್ತೆಯ ಕಡೆ ಹೋಗಲೇ ಇಲ್ಲ. ಜಗಳೂರಿನಲ್ಲಿ ಸವಾರಿ ಮುಗಿಯುವ ಕಡೆ ಮಧ್ಯಾಹ್ನದಿಂದ ಮಜ್ಜಿಗೆ ಇಟ್ಟುಕೊಂಡು ಕೂತಿದ್ದೆ. ಹೊತ್ತು ಮುಳುಗಲು ಇನ್ನೂ ಒಂದು ಮಾರು ಇರುವಾಗಲೇ ಅವಳು ಬಂದಳು. ಮುಖದ ತುಂಬ ಧೂಳು, ಧೂಳಿನೊಳಗೆ ನಗು. ಚೊಂಬು ಎತ್ತಿ ಒಂದೇ ಗುಟುಕಿಗೆ ಕುಡಿದಳು.

"ಅವತ್ತಿನ ಜಾಗದಾಗೇ ಮತ್ತೆ ಗಾಳಿ ತಿರುಗಿತು ಅವ್ವಾ. ಇವತ್ತೂ ನೀ ಕೂಗಿದ್ದಕ್ಕೆ ಬದುಕಿದೆ. ಅದ್ಸರಿ, ನನಗಿಂತ ಮೊದಲು ಇಲ್ಲಿಗೆ ಹೆಂಗೆ ಬಂದೆ ನೀನು?"

ನಾನು ಖಾಲಿ ಚೊಂಬು ಈಸಿಕೊಂಡೆ.

"ಹೆಂಗೋ ಬಂದೆ ಬಿಡು. ಮೊದಲು ಮುಖ ತೊಳ್ಕ" ಎಂದೆ.