ಕರೆಂಟು ಹೋದರೆ ಅಂಗಡಿಯವರಿಗೇ ಸೋಲು

ನಮ್ಮ ಚಂದ್ರಮೌಳಿಗೆ ನ್ಯಾಯದ ಹುಚ್ಚು. ಚಿಕ್ಕಂದಿನಿಂದಲೂ ಅಂಗೇ. ಅವ್ವ ಕೊಬ್ಬರಿ ಮಿಠಾಯಿ ಕೊಟ್ರೆ ಇಬ್ಬರಿಗೂ ಸಮ ಬಂತಾ ಅಂತ ಮುರಿದು ಮುರಿದು ನೋಡೋನು. ಅಷ್ಟರಲ್ಲಿ ನಾನು ನನ್ನ ಪಾಲು ತಿಂದು ಮುಗಿಸಿರ್ತಿದ್ದೆ. ನಾನು ಅವನ ಅಕ್ಕ, ಪ್ರೇಮಕುಮಾರಿ. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ರ ಇವತ್ತು ಜೆರಾಕ್ಸ್ ಮಾಡ್ಕಂಡು ಕೂತಿರ್ತಾನಲ್ಲ, ಅದೇ ಜಾಗದಲ್ಲಿ ಆಗ ಅವನ ಕಂಪ್ಯೂಟರ್ ಸೆಂಟರ್ ಇತ್ತು. ಅದರ ಮುಂದಿನ ಎಸ್‌ಟಿಡಿ ಬೂತ್ ನಂದು. ಅವನು ಯಂಗೆ ಹಾಳಾದ ಅಂತ ನನ್ನನ್ನ ಕೇಳಿ, ಕಣ್ಣಾರೆ ಕಂಡೋಳು ನಾನೇ.

ಎರಡು ಸಾವಿರದ ಐದನೇ ಇಸವಿ. ಸೆಂಟರಿಗೆ ಕಲಿಯೋಕೆ ಬರೋರು ಕಮ್ಮಿ ಆಗಿದ್ರು. ಐದೈದು ಜನ ಎರಡು ಕಡೆ ಕೂತು ಕಂಪ್ಯೂಟರ್‌ನಲ್ಲಿ ಗುಂಡು ಹೊಡೆದಾಡೋ ಆಟ ಬಂದಿತ್ತಲ್ಲ, ಅದಕ್ಕೆ ಬರೋರೇ ಜಾಸ್ತಿ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದಲ್ಲೂ ಅದೇ ಕತೆ. ಆಗ ಹಾಸನದ ಒಬ್ಬ ಕಂಪ್ಯೂಟರ್ ಸಾಹುಕಾರ ಹೇಳಿ ಕಳಿಸಿದ. ನಾಲ್ಕೂ ಊರಿನ ತಂಡ ಸೇರಿ ಲೀಗ್ ಆಡಲಿ, ಮೊದಲು ಬಂದ ತಂಡಕ್ಕೆ ತಿಂಗಳ ಸಂಬಳ ಕೊಟ್ಟು ಇಟ್ಕತೀನಿ, ಬೆಂಗಳೂರು ಬಾಂಬೆ ಅಂತ ಆಡಿಸ್ತೀನಿ ಅಂತ. ನಿಯಮ ಮಾಡೋ ಕೆಲಸ ನಮ್ಮ ಮೌಳಿ ತಲೆಗೆ ಕಟ್ಟಿದ್ರು. ಇವನಿಗೆ ಅಷ್ಟೇ ಬೇಕಾಗಿತ್ತು.

ನಮ್ಮೂರ ತಂಡದ ನಾಯಕ ವಿಶ್ವಾಸ್, ಯೋಗಾನರಸಿಂಹ ಮೇಷ್ಟ್ರ ಮಗ. ಪಿಯುಸಿ ಡುಮ್ಕಿ ಹೊಡೆದು ಮನೇಲಿ ಬೈಸ್ಕಂತಾ ಇದ್ದ. ಮೇಷ್ಟ್ರು ಖಡಾಖಂಡಿತವಾಗಿ ಹೇಳ್ಬುಟ್ಟಿದ್ರು, ಈ ಲೀಗ್ ಮುಗಿಯೋವರೆಗೂ ಆಡು, ಸಂಬಳ ಸಿಕ್ರೆ ಸರಿ, ಇಲ್ದಿದ್ರೆ ತೆಂಗಿನಕಾಯಿ ಮಂಡಿಗೆ ನಡಿ ಅಂತ. ಆ ಹುಡುಗನಿಗೆ ಬರ್ತಿದ್ದದ್ದು ಅದೊಂದೇ ವಿದ್ಯೆ. ಆದರೆ ಅದು ಮಾತ್ರ ನಾಲ್ಕೂರಲ್ಲಿ ಇನ್ಯಾರಿಗೂ ಅಂಗೆ ಬರ್ತಿರಲಿಲ್ಲ.

ಮೌಳಿ ಮಾಡಿದ ನಿಯಮ ಒಂದೊಂದೂ ಚಿನ್ನ, ಸುಳ್ಳು ಯಾಕೆ ಹೇಳ್ಲಿ. ಪ್ರತಿ ತಂಡನೂ ಉಳಿದ ಮೂರೂರಿಗೆ ಹೋಗಿ ಆಡ್ಬೇಕು, ಅವರೂ ಇಲ್ಲಿಗೆ ಬರ್ಬೇಕು. ಯಾವ ಕಂಪ್ಯೂಟರ್ ತೂಕಡಿಸ್ತದೆ ಅಂತ ಅಂಗಡಿಯೋರಿಗೆ ಗೊತ್ತಿರ್ತದೆ, ಅದಕ್ಕೆ ಬಂದೋರೇ ಮೊದಲು ಜಾಗ ಆರಿಸ್ಕಬೇಕು. ಮೊದಲನೇ ವಾರ ಚನ್ನರಾಯಪಟ್ಟಣದಲ್ಲಿ ಅಲ್ಲಿನ ತಂಡ ಸೋಲೋ ಹೊತ್ತಿಗೆ ಯಾರೋ ಫ್ಯೂಸ್ ಕಿತ್ತು, ಅಯ್ಯೋ ಕರೆಂಟ್ ಹೋಯ್ತು ಅಂದ್ರು. ಪಕ್ಕದ ಬೇಕರಿಯಲ್ಲಿ ಲೈಟ್ ಉರೀತಾ ಇತ್ತು. ಮೌಳಿ ಕೆಂಡ ಆದ. ಅವತ್ತೇ ಹೊಸ ನಿಯಮ ಮಾಡ್ದ, ಆಟದ ಮಧ್ಯೆ ಕರೆಂಟ್ ಹೋದ್ರೆ, ಕಾರಣ ಏನೇ ಇರ್ಲಿ, ಆಟ ನಡೀತಿರೋ ಅಂಗಡಿಯೋರಿಗೇ ಸೋಲು ಅಂತ. ನಾಲ್ಕೂರಿನೋರೂ ತಲೆ ಆಡಿಸಿದ್ರು.

ಹಾಸನದ ಅಂಗಡಿಗೆ ಜನರೇಟರ್ ಇತ್ತು. ನಮಗಿಲ್ಲ. ಅರಕಲಗೂಡಲ್ಲಂತೂ ಕರೆಂಟ್ ಅಂದ್ರೆ ನೆಂಟ ಇದ್ದಂಗೆ, ಬಂದಾಗ ಬಂತು. ಅಲ್ಲಿನ ಹುಡುಗರು ಹಾಸನದೋರನ್ನ ಇನ್ನೇನು ಸೋಲಿಸಬೇಕು, ಲೋಡ್ ಶೆಡ್ಡಿಂಗ್ ಆಯ್ತು. ಮೌಳಿ ಅವರಿಗೆ ಸೋಲು ಹೇಳಿ ಬಂದ. ಹುಡುಗರು ಅತ್ತರಂತೆ, ಅಂಗಡಿ ಇಟ್ಟಿದ್ದ ಪುಟ್ಟಸ್ವಾಮಿ ಅವರನ್ನ ಮನೆಗೆ ಕಳಿಸಿದನಂತೆ. ಇವನು ಮನೆಗೆ ಬಂದು ಊಟ ಬಿಟ್ಟ. ನಿಯಮ ಬದಲಾಯಿಸೋ ಮಾರಾಯ ಅಂದೆ. ಆ ನಿಯಮದಿಂದ ಒಬ್ಬರು ಸೋತ ಮೇಲೆ ಬದಲಾಯಿಸಿದ್ರೆ ಅದೂ ಮೋಸನೇ ಅಲ್ವಾ ಅಂದ.

ಕೊನೇ ಆಟ ನಮ್ಮೂರಲ್ಲಿ, ಹಾಸನದ ಮೇಲೆ. ಗೆದ್ದೋರಿಗೆ ಸಂಬಳ. ನಾನು ಸುಮ್ನಿರೋಳಾ? ಮದುವೆಗೆ ಶಾಮಿಯಾನ ಹಾಕೋ ನಂಜಯ್ಯನಿಗೆ ಹೇಳಿ ಜನರೇಟರ್ ತರಿಸಿದೆ. ಲಗೇಜ್ ಆಟೋದಿಂದ ಅಂಗಡಿ ಮುಂದೆ ಇಳಿಸಿನೂ ಆಗಿತ್ತು. ಈ ಪುಣ್ಯಾತ್ಮ ಅದನ್ನ ವಾಪಸ್ ಏರಿಸಿ ಕಳಿಸ್ದ. ಅರಕಲಗೂಡಿನೋರು ಇಲ್ದೆ ಸೋತವ್ರೆ, ನಮಗೊಬ್ಬರಿಗೆ ಯಾಕಕ್ಕ ಅಂತ ನನ್ನನ್ನೇ ಕೇಳ್ದ.

ಆಟ ಶುರುವಾಯ್ತು. ವಿಶ್ವಾಸ್ ಅವತ್ತು ಆಡಿದ್ದು ನೋಡಿದ್ರೆ ಮೇಷ್ಟ್ರೂ ಮೆಚ್ಕತಿದ್ರು. ಇನ್ನೆರಡು ಸುತ್ತು ಗೆದ್ರೆ ಮುಗೀತು. ನಾನು ಬೂತ್ ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. ಫ್ಯಾನ್ ನಿಂತೋಯ್ತು. ಫ್ಯೂಸ್ ಅಲ್ಲ, ಬೀದಿಗೆ ಬೀದಿಯೇ ಹೋಗಿತ್ತು, ಎದುರಿನ ಹಿಟ್ಟಿನ ಗಿರಣಿ ಕೂಡ ನಿಂತಿತ್ತು. ಹಾಸನದ ನಾಯಕ ಜಯಂತ್ ಒಳ್ಳೆ ಹುಡುಗ, ಕರೆಂಟ್ ಬರೋವರೆಗೂ ಕಾಯ್ತೀವಿ, ಪರವಾಗಿಲ್ಲ ಅಂದ. ವಿಶ್ವಾಸ್ ಮೌಳಿ ಮುಖ ನೋಡ್ದ. ಮೌಳಿ ಎದ್ದು ನಿಂತು, ಹಾಸನ ಗೆಲ್ತು ಅಂದ.

"ಅವರೇ ಕಾಯ್ತೀವಿ ಅಂತಾವ್ರೆ, ನಿಂದೇನ್ಲಾ?" ಅಂದೆ, ಎಲ್ಲರ ಮುಂದೆ.

"ಅರಕಲಗೂಡಲ್ಲಿ ಕಾಯೋಕೆ ನಾನು ಬಿಡ್ಲಿಲ್ಲ ಅಕ್ಕ. ಇಲ್ಲಿ ಯಂಗೆ ಬಿಡ್ಲಿ?" ಅಂದ.

ವಿಶ್ವಾಸ್ ಮಂಡಿ ಸೇರ್ಕಂಡ. ಬೂತ್ ಮುಂದೆಯೇ ಸೈಕಲ್ ಮೇಲೆ ಹೋಗೋನು, ಈ ಕಡೆ ತಿರುಗಿ ನೋಡ್ತಿರಲಿಲ್ಲ. ಮುಂದಿನ ವರ್ಷ ಸಾಹುಕಾರ, ಜನರೇಟರ್ ಇಲ್ಲದ ಅಂಗಡಿಗೆ ಲೀಗಲ್ಲಿ ಜಾಗ ಇಲ್ಲ ಅಂದ. ಮೌಳಿ ಎರಡು ಸಲ ಹೋಗಿ ಕೇಳ್ಕಂಡ್ರೂ ಆಗ್ಲಿಲ್ಲ. ನಮ್ಮೂರೂ ಅರಕಲಗೂಡೂ ಎರಡೂ ಆಚೆ.

ಆಮೇಲೊಂದು ದಿನ ನನ್ನನ್ನೂ ಕರ್ಕಂಡು ಅರಕಲಗೂಡಿಗೆ ಹೋದ. ಪುಟ್ಟಸ್ವಾಮಿ ಕಂಪ್ಯೂಟರೆಲ್ಲ ಮಾರಿ ಅಲ್ಲೇ ಚಪ್ಪಲಿ ಅಂಗಡಿ ಇಟ್ಟಿದ್ದ. ನಮಗೆ ಕಾಫಿ ತರಿಸಿಕೊಟ್ಟ. ಮೌಳಿ ನಡೆದದ್ದೆಲ್ಲ ಹೇಳ್ದ, ಜನರೇಟರ್ ವಾಪಸ್ ಕಳಿಸಿದ್ದು, ನಿಮಗೆ ಮಾಡಿದ್ದನ್ನೇ ನಮ್ಮ ಹುಡುಗರಿಗೂ ಮಾಡಿದ್ದು. ಕೇಳಿ ಆ ಮನುಷ್ಯನಿಗೆ ಸಮಾಧಾನ ಆಗ್ತದೆ ಅನ್ನೋ ಆಸೆ ಇವನಿಗೆ. ಪುಟ್ಟಸ್ವಾಮಿ ಲೋಟ ಕೆಳಗಿಟ್ಟ.

"ಯಾಕ್ ಅಂಗ್ ಮಾಡ್ಬುಟ್ರಿ ಸಾ? ನಮ್ದಂತೂ ಓಯ್ತು, ನೀವಾದ್ರೂ ಆಸನದೋರ್ನ ಸೋಲಿಸ್ತೀರಿ ಅಂತ ನಮ್ ಉಡುಗ್ರು ಅವತ್ತೆಲ್ಲ ಫೋನ್ ಮುಂದೆ ಕಾಯ್ಕಂಡ್ ಕೂತಿದ್ರು ಕಣ್ ಸಾ."

ಮೌಳಿ ಎದ್ದು ಬಸ್ ಸ್ಟ್ಯಾಂಡ್ ಕಡೆ ನಡೆದ. ಬಸ್ಸಲ್ಲಿ ನನ್ನ ಪಕ್ಕ ಕೂತು ಊರು ಬರೋವರೆಗೂ ಅತ್ತ. ಎಲ್ಲರ ಮುಂದೆ ಬೈದ ಬಾಯಲ್ಲಿ ಯಂಗೆ ಸಮಾಧಾನ ಹೇಳ್ಲಿ, ಇಬ್ಬರ ಟಿಕೆಟ್ಟೂ ನಾನೇ ತಗಂಡೆ.