ಗುಂಡಿನ ಮಿಷನ್ನಿಗೊಂದು ದನಿ

ರಿಪೇರಿ ಮಾವನ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬಿಸಿ ಬೆಸುಗೆ ತಾಗಿ ತಾಗಿ ಅದು ಹುಣಿಸೆಬೀಜದಂತೆ ನುಣುಪಾಗಿತ್ತು. ರೇಷನ್ ಅಂಗಡಿಯ ಬೆರಳಚ್ಚು ಯಂತ್ರ ಪ್ರತಿ ತಿಂಗಳೂ ಅವರನ್ನು ಒಪ್ಪದೆ ಕೀಂಯ್ ಎನ್ನುತ್ತಿತ್ತು.

"ಊರ್ ಮಿಷನ್ನೆಲ್ಲ ನಾನ್ ಗುರ್ತು ಇಡೀತೀನಿ, ಇದೊಂದು ನನ್ ಗುರ್ತು ಇಡಿಯಲ್ವಲ್ಲಾ" ಎಂದು ನಗುತ್ತಿದ್ದರು. ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು ಇದ್ದೇ ಇರುತ್ತಿತ್ತು.

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಮಿಕ್ಸಿ, ಟಿ.ವಿ., ಪಂಪ್‌ಸೆಟ್ಟಿನ ಸ್ಟಾರ್ಟರು, ಎಲ್ಲಕ್ಕೂ ಅವರೇ ಡಾಕ್ಟರು. ಪಕ್ಕದ ಮೊಬೈಲ್ ಕವರಿನ ಅಂಗಡಿ ನನ್ನದು. ಬಿಡುವಿನಲ್ಲಿ ಮದುವೆ ರಿಸೆಪ್ಷನ್ನುಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಎಲ್ಲರ ದನಿಯೂ ನನಗೆ ಬರುತ್ತದೆ. ನನ್ನದೇ ದನಿ ಮಾತ್ರ ಎಣ್ಣೆ ಕಾಣದ ಶಟರು.

ಮಾವನ ಅಂಗಡಿ ಮೂಲೆಯಲ್ಲಿ ಹಳೆಯದೊಂದು ಪಿನ್‌ಬಾಲ್ ಮಿಷನ್ನಿತ್ತು. ಊರೂರು ಸುತ್ತುವ ಎಕ್ಸಿಬಿಷನ್ನಿನವರು ಬಿಟ್ಟುಹೋದದ್ದು. ಗಾಜಿನ ಕೆಳಗೆ ಇಳಿಜಾರು ಹಲಗೆ, ಉಕ್ಕಿನ ಗುಂಡು, ಬಟನ್ ಒತ್ತಿದರೆ ಗುಂಡನ್ನು ಮೇಲಕ್ಕೆ ಬಡಿಯುವ ಎರಡು ರೆಕ್ಕೆ. ಬ್ಯಾಟರಿ ಸೋರಿ, ಒಳಗಿನ ಬೋರ್ಡುಗಳನ್ನು ಹಸಿರು ಕಿಲುಬು ತಿಂದಿತ್ತು. ಮಾವ ಗಾಜು ಸರಿಸಿ ಕೈಯಲ್ಲೇ ಗುಂಡು ಉರುಳಿಸುವರು, ಗಂಟೆಯ ಸದ್ದು ನಾನು ಬಾಯಲ್ಲೇ ಮಾಡುವೆ. ಗುಂಡು ಕೆಳಗೆ ಬಿದ್ದರೆ ಅವರದೊಂದೇ ಮಾತು: "ಓಯ್ತು ಬುಡ್ಲಾ, ಇನ್ನೊಂದೈತೆ." ನಾನು ಪಿಯುಸಿ ಫೇಲಾದಾಗಲೂ ಅದನ್ನೇ ಹೇಳಿದ್ದರು.

ಕೊನೆಗೊಮ್ಮೆ ಮಾವ ಅದನ್ನು ರಿಪೇರಿ ಮಾಡಲು ಹೊರಟರು. ಹೊಸ ಬೋರ್ಡು ಆನ್‌ಲೈನಿನಲ್ಲಿ ಆರಿಸಲು ನನ್ನ ಫೋನೇ ಗತಿ. ಹಳೆ ಬೋರ್ಡನ್ನು ಪೇಪರಿನ ಮೇಲೆ ಮಲಗಿಸಿ, ಫೋನಿನ ಚಿತ್ರ ಹಿಗ್ಗಿಸಿ, ಒಂದೊಂದೇ ಪಿನ್ನು ಎಣಿಸುತ್ತಿದ್ದರು.

"ಏನ್ ಮಾವ, ಎಣ್ ನೋಡ್ದಂಗ್ ನೋಡ್ತಿದ್ದೀರಿ?"

"ಎಣ್ಣ ಇಷ್ಟೊತ್ತು ನೋಡಿರ್ನಿಲ್ಲ ಕಣ್ಲಾ. ನಿಮ್ಮತ್ತೇನ ಕೇಳು!"

ಮೇನ್ ಬೋರ್ಡು ಬೇಗ ಗೊತ್ತಾಯಿತು. ಸದ್ದಿನ ಬೋರ್ಡಿನಲ್ಲಿ ಮಾತ್ರ ಎರಡು ಥರ. ಒಂದರಲ್ಲಿ ಮಿಷನ್ನಿನ ಮೂಲ ಗಂಟೆ, ಸೈರನ್ನುಗಳು ತುಂಬಿಯೇ ಬರುತ್ತಿದ್ದವು; ಇನ್ನೊಂದು ಖಾಲಿ, ನಮಗೆ ಬೇಕಾದ್ದು ತುಂಬಿಕೊಳ್ಳಬೇಕು. ಮಾವ ಮೊದಲನೆಯದೇ ಎಂದರು. "ಉಟ್ಟಿದ್ ದನಿ ಯಾಕ್ಲಾ ಬದ್ಲಾಯ್ಸೋದು?"

ಆ ವಾರವೇ, ಕೆಮ್ಮು ತೋರಿಸಲು ಹೋದ ಮಾವನಿಗೆ ಮೈಸೂರಿನ ಡಾಕ್ಟರು, ಗಂಟಲಲ್ಲಿ ಗಂಟಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಮಾವ ವಾಪಸು ಬಂದವರೇ ನನ್ನ ಫೋನು ಈಸಿಕೊಂಡು ಎರಡನೆಯ ಚಿತ್ರಕ್ಕೆ ಆ ನುಣುಪು ಬೆರಳಿಟ್ಟರು. "ಖಾಲಿದೇ ತರ್ಸ್ಲಾ. ನನ್ ದನಿ ತುಂಬ್ಬುಡಾನ."

ಬೋರ್ಡು ಬಂದ ದಿನ ನನ್ನ ಫೋನಿನ ಮುಂದೆ ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಕೂತರು. ಕೆಮ್ಮಿದರು, ಗುಂಡು ಬಿದ್ದಾಗಿನ ಆ 'ಓಯ್ತು ಬುಡ್ಲಾ' ಮಾತು ಹೇಳಿದರು. ಕೆಮ್ಮು ಸೇರಿತೆಂದು ನಾನು ಅದನ್ನು ಅಳಿಸಿದೆ. ಮತ್ತೆ ಹೇಳಿದರು, ಮತ್ತೆ ಕೆಮ್ಮು, ಮತ್ತೆ ಅಳಿಸಿದೆ. ಆಮೇಲೆ ಅವರ ದನಿಯಲ್ಲೇ ನಾನು ಹೇಳಿ ತೋರಿಸಿದೆ. ನಕ್ಕು ನಕ್ಕು ಅವರಿಗೆ ಮಾತೇ ನಿಂತಿತು.

"ನಿಮ್ಗಿಂತ ನಾನೇ ಚೆಂದಾಗಿ ನೀವಾಯ್ತೀನಿ ಮಾವ. ನಾಳೆ ನೋಡಾನ ಬುಡಿ" ಎಂದು, ನಾಗಮಂಗಲದ ರಿಸೆಪ್ಷನ್ನಿಗೆ ಬಸ್ಸು ಹತ್ತಿದೆ. ಮರುದಿನ ಬಂದರೆ ಅಂಗಡಿಗೆ ಬೀಗ. ಬೆಡ್ಡು ಸಿಕ್ಕಿತೆಂದು ಆಸ್ಪತ್ರೆಯವರು ಬೆಳಿಗ್ಗೆಯೇ ಕರೆಸಿಕೊಂಡಿದ್ದರು.

ಆಪರೇಷನ್ ಮುಗಿಸಿ, ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಮರಳಿದ ಮಾವನ ಜೊತೆ ಕೂತು ಬೋರ್ಡುಗಳನ್ನು ಕೂರಿಸಿದೆ. ಸದ್ದಿನ ಬೋರ್ಡಿಗೆ ತುಂಬಲು ನನ್ನ ಮಿಮಿಕ್ರಿ ಬಿಟ್ಟರೆ ಬೇರೇನಿತ್ತು? ದೀಪ ಹತ್ತಿತು. ಮೊದಲ ಗುಂಡು ಬಿತ್ತು. "ಓಯ್ತು ಬುಡ್ಲಾ, ಇನ್ನೊಂದೈತೆ" ಎಂದಿತು ಮಿಷನ್ನು. ಮಾವನ ಭುಜ ಕುಲುಕಿತು. ನಗುವೋ ಅಳುವೋ, ಸದ್ದಿಲ್ಲದೆ ಹೇಗೆ ತಿಳಿಯಬೇಕು? ಬಿಲ್ಲಿನ ಹಿಂದೆ ಬರೆದು ಕೊಟ್ಟರು: "ಬುಡ್ಲಾ ಅನ್ನೋದ ವಸಿ ಎಳಿ, ಕಳ್ಳ." ಎಳೆದು ಇನ್ನೊಮ್ಮೆ ತುಂಬಿದೆ. ಹೆಬ್ಬೆರಳು ಎತ್ತಿ ತೋರಿಸಿದರು.

ನಾಲ್ಕು ತಿಂಗಳಿಗೆ ಹೋಗಿಬಿಟ್ಟರು.

ಈಗ ಸಂತೆಯ ದಿನ ಅತ್ತೆ ಬರುತ್ತಾರೆ. ಮಿಷನ್ನು ಹಾಕಿಸಿಕೊಂಡು, ರೆಕ್ಕೆಯ ಬಟನ್ ಮುಟ್ಟದೆ, ಗುಂಡು ತಾನಾಗಿ ಬೀಳುವುದನ್ನೇ ಕಾಯುತ್ತಾರೆ. ಮಾವನ ಮಾತು ಕೇಳಿಸುತ್ತದೆ. ಹೋದ ವಾರ ಸೆರಗಿನಿಂದ ಗಾಜು ಒರೆಸುತ್ತಾ ಹೇಳಿದರು: "ಎಲ್ಲಾ ಅವ್ರಂಗೇ ಐತೆ ಕಣ್ ಮಗ. ಮದ್ಲು ವಸಿ ಕೆಮ್ಮೋರು. ಅದೊಂದಿಲ್ಲ."

ನಾನು ಇನ್ನೊಂದು ಗುಂಡು ಮೇಲಕ್ಕೆ ಕಳಿಸಿದೆ. ಆ ಕೆಮ್ಮನ್ನು ಎರಡು ಸಲ ಅಳಿಸಿದ್ದನ್ನು ಅತ್ತೆಗೆ ನಾನಿನ್ನೂ ಹೇಳಿಲ್ಲ.